ಐಡಲ್ ನಿಲ್ಲದೆ ಏರಿಳಿಯುತ್ತಿದೆಯೇ? ಪರ್ಫಾರ್ಮೆನ್ಸ್ ಕಾರಿನಲ್ಲಿ ದೋಷ ಪತ್ತೆಹಚ್ಚುವ ಕ್ರಮ

ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದೆ ಇರುವಾಗ ಎಂಜಿನ್ ತಿರುಗುವ ವೇಗ, ಏರಿತೆಂದರೆ ಹೆಚ್ಚಿನವರು ಮೊದಲು ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಬಾಗಿಲು) ತೊಳೆಯುತ್ತಾರೆ. ಸರಿಹೋಗದಿದ್ದರೆ ಐಡಲ್ ವಾಲ್ವ್ (ಥ್ರಾಟಲ್ ಮುಚ್ಚಿದ್ದಾಗ ಗಾಳಿ ಬಿಡುವ ವಾಲ್ವ್) ಹೊಸದು ಹಾಕಿಸುತ್ತಾರೆ. ಅದೂ ಆಗಲಿಲ್ಲವೆಂದರೆ ಥ್ರಾಟಲ್ ಎಲ್ಲಿಯವರೆಗೆ ಮುಚ್ಚಬೇಕೆಂದು ತಡೆಯುವ ಸ್ಟಾಪ್ ಸ್ಕ್ರೂಗೆ ಕೈ ಹಾಕುತ್ತಾರೆ. ಅಲ್ಲಿಗೆ ಒಂದಿದ್ದ ದೋಷ ಎರಡಾಗುತ್ತದೆ, ಮೊದಲಿನದು ಎರಡನೆಯದರ ಹಿಂದೆ ಅಡಗಿ ಕೂರುತ್ತದೆ.

ಪೆಟ್ರೋಲ್ ಎಂಜಿನ್ ಜೋರಾಗಿ ತಿರುಗಬೇಕಾದರೆ ಅದರೊಳಗೆ ಹೆಚ್ಚು ಗಾಳಿ ಹೋಗಲೇಬೇಕು. ಬರೀ ಇಂಧನ ಹೆಚ್ಚಾದರೆ ಎಂಜಿನ್ ಒರಟಾಗುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಆದರೆ 1,800 ಆರ್‌ಪಿಎಂಗೆ ಏರಿ ಕೂರುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡೇ. ಹೆಚ್ಚುವರಿ ಗಾಳಿ ಎಲ್ಲಿಂದ ಬರುತ್ತಿದೆ? ಅದನ್ನು ಇಸಿಯುವೇ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೇಳಿ ತರಿಸಿಕೊಳ್ಳುತ್ತಿದೆಯೇ, ಅಥವಾ ಕೇಳದೆ ನುಗ್ಗುತ್ತಿದೆಯೇ? ಕೆಳಗಿನ ಹಂತಗಳೆಲ್ಲ ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವ ಕ್ರಮದಲ್ಲಿವೆ. ಕ್ರಮ ತಪ್ಪಿಸಬೇಡಿ.

## ಯಾವುದು ದೋಷವಲ್ಲ

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದ ಕೂಡಲೇ 1,200ರಿಂದ 1,500 ಆರ್‌ಪಿಎಂನಲ್ಲಿ ತಿರುಗುವುದು ಸಹಜ. ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲೆಂದು ಇಸಿಯು ಹಾಗೆ ಮಾಡಿಸುತ್ತದೆ. ಕೂಲೆಂಟ್ 80 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಐಡಲ್ 650ರಿಂದ 900ರ ನಡುವೆ ಇಳಿದಿರಬೇಕು. ದೊಡ್ಡ ಕ್ಯಾಮ್ (ಎಂಜಿನ್ ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್‌ಶಾಫ್ಟ್) ಹಾಕಿಸಿದ್ದರೆ 950–1,100ರಲ್ಲಿ ಸ್ವಲ್ಪ ಕುಣಿಯುತ್ತಾ ನಿಲ್ಲುವುದು ಅದರ ಸ್ವಭಾವ. ಅದನ್ನು 750ಕ್ಕೆ ಇಳಿಸಲು ಹೆಣಗುವುದು ವ್ಯರ್ಥ.

ಎಂಜಿನ್ ಪೂರ್ತಿ ಬಿಸಿಯಾಗಿ, ಎಸಿ ಆಫ್ ಇದ್ದು, ರೇಡಿಯೇಟರ್ ಫ್ಯಾನ್ ನಿಂತಿರುವಾಗಲೂ ಐಡಲ್ ಗುರಿಗಿಂತ 200 ಆರ್‌ಪಿಎಂಗೂ ಹೆಚ್ಚು ಮೇಲಿದ್ದರೆ, ಅಥವಾ ಒಂದೇ ಲಯದಲ್ಲಿ ಏರಿಳಿಯುತ್ತಿದ್ದರೆ, ಆಗ ಹುಡುಕಲು ತೊಡಗಿ.

## ಮೊದಲು ಇವು: ಓಡಿಸಬಾರದ ಲಕ್ಷಣಗಳು

ಈ ಮೂರರಲ್ಲಿ ಒಂದಿದ್ದರೂ ಕಾರು ನಿಂತಲ್ಲೇ ಇರಲಿ:

- ಐಡಲ್ ಏರಿರುವುದರ ಜೊತೆಗೆ ಬ್ರೇಕ್ ಪೆಡಲ್ ಗಟ್ಟಿಯಾಗಿದೆ, ಅಥವಾ ಪೆಡಲ್ ಒತ್ತಿದಾಗ ಐಡಲ್ ಬದಲಾಗುತ್ತದೆ. ಬ್ರೇಕ್ ಬೂಸ್ಟರ್ (ಪೆಡಲ್‌ಗೆ ಬಲ ಕೂಡಿಸುವ ಭಾಗ) ಅಥವಾ ಅದರ ಹೋಸ್ ಲೀಕ್ ಇರುವ ಲಕ್ಷಣ ಇದು.
- ಆಕ್ಸಿಲರೇಟರ್ ಬಿಟ್ಟ ಮೇಲೂ ಪೆಡಲ್ ಪೂರ್ತಿ ಮೇಲೆ ಬರುವುದಿಲ್ಲ, ಅಥವಾ ಎಂಜಿನ್ ವೇಗ ಇಳಿಯುವುದಿಲ್ಲ.
- ಎಂಜಿನ್ ಬೇಯಲ್ಲಿ ಹಸಿ ಪೆಟ್ರೋಲ್ ವಾಸನೆ ಬರುತ್ತಿದೆ.

## ಬೇಕಾಗುವ ಸಲಕರಣೆ

ಲೈವ್ ಡೇಟಾ ತೋರಿಸುವ ಓಬಿಡಿ-2 ಸ್ಕ್ಯಾನರ್ (ಇಸಿಯುವಿನ ಮಾಹಿತಿ ಓದುವ ಯಂತ್ರ) ಇಲ್ಲದೆ ಈ ಕೆಲಸ ಆರಂಭಿಸಬೇಡಿ. ಬರೀ ಕೋಡ್ ಓದುವ ಅಗ್ಗದ ಯಂತ್ರ ಸಾಲದು. ಕಂಪನಿಯದರ ಬದಲು ಸ್ಟ್ಯಾಂಡ್‌ಅಲೋನ್ ಇಸಿಯು ಹಾಕಿಸಿದ್ದರೆ ಅದರ ಸಾಫ್ಟ್‌ವೇರ್ ಇರುವ ಲ್ಯಾಪ್‌ಟಾಪ್ ಬೇಕು. ಜೊತೆಗೆ ಮಲ್ಟಿಮೀಟರ್, ವ್ಯಾಕ್ಯೂಮ್ ಗೇಜ್, ಹೋಸ್ ಹಿಸುಕುವ ಕ್ಲಾಂಪ್‌ಗಳು, ಒಳ್ಳೆಯ ಟಾರ್ಚ್, ಥ್ರಾಟಲ್ ಬಾಡಿ ಕ್ಲೀನರ್ ಮತ್ತು ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಇರಲಿ. ಲೀಕ್ ತೋರಿಸಲು ಹೊಗೆ ತುಂಬುವ ಸ್ಮೋಕ್ ಮೆಷಿನ್ ಬಾಡಿಗೆಗಾದರೂ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ರೇಡಿಯೇಟರ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗಬಹುದು, ಬೆರಳು ದೂರವಿರಲಿ.

## ಹಂತ 1: ಏರಿಳಿತದ ಸ್ವರೂಪ ಗುರುತಿಸಿ

ಏನನ್ನೂ ಬಿಚ್ಚುವ ಮೊದಲು ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರ್ ಫ್ಯಾನ್ ಎರಡು ಬಾರಿ ಆನ್ ಆಗಿ ಆಫ್ ಆಗುವವರೆಗೆ ಆರ್‌ಪಿಎಂ ಗಮನಿಸಿ, ಬರೆದಿಡಿ. ದೋಷದ ರೂಪ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಾಗಿರುತ್ತದೆ.

ಏರಿ, ಅಲ್ಲೇ ಸ್ಥಿರವಾಗಿ ನಿಂತಿದೆ. ಥ್ರಾಟಲ್ ಪೂರ್ತಿ ಮುಚ್ಚುತ್ತಿಲ್ಲ, ಐಡಲ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ, ಅಥವಾ ಇಸಿಯುವೇ ಹೆಚ್ಚು ಕೇಳುತ್ತಿದೆ.

1,000 ಮತ್ತು 2,000ರ ನಡುವೆ ಒಂದೇ ಲಯದಲ್ಲಿ ಏರಿಳಿಯುತ್ತದೆ. ಬಹುತೇಕ ಸಂದರ್ಭಗಳಲ್ಲಿ ಇದು ಫ್ಯೂಯಲ್ ಕಟ್‌ನ ಆಟ. ಪೆಡಲ್ ಬಿಟ್ಟಿದ್ದರೂ ಆರ್‌ಪಿಎಂ ಮೇಲಿರುವುದನ್ನು ಕಂಡ ಇಸಿಯು, ಕಾರು ಇಳಿಜಾರಿನಲ್ಲಿ ಹೋಗುತ್ತಿದೆ ಎಂದು ತಿಳಿದು ಇಂಜೆಕ್ಟರ್ ನಿಲ್ಲಿಸುತ್ತದೆ. ವೇಗ ಬೀಳುತ್ತದೆ, ಇಂಧನ ಮತ್ತೆ ಬರುತ್ತದೆ, ಹೆಚ್ಚುವರಿ ಗಾಳಿ ಹಾಗೇ ಇರುವುದರಿಂದ ವೇಗ ಪುನಃ ಏರುತ್ತದೆ. ಇಲ್ಲಿ ಇಂಧನ ವ್ಯವಸ್ಥೆ ಹಾಳಾಗಿಲ್ಲ. ಇದನ್ನು ಕಂಡು ಇಂಜೆಕ್ಟರ್, ಪಂಪ್ ಬದಲಿಸುವವರು ಬಹಳ.

ಬಿಸಿಯಾದ ಮೇಲೆ ಮಾತ್ರ ಬರುತ್ತದೆ. ಗ್ಯಾಸ್ಕೆಟ್, ಬಿರುಕುಬಿಟ್ಟ ಪ್ಲಾಸ್ಟಿಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ), ಅಥವಾ ಬಿಸಿಗೆ ಮೆತ್ತಗಾಗಿ ಬಾಯಿ ಬಿಡುವ ಹೋಸ್.

ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಕೇಬಲ್, ಅಂಟುವ ಥ್ರಾಟಲ್ ಪ್ಲೇಟ್, ಸವೆದ ಥ್ರಾಟಲ್ ಪೊಸಿಷನ್ ಸೆನ್ಸರ್, ಸಡಿಲ ಕನೆಕ್ಟರ್.

## ಹಂತ 2: ಇಸಿಯು ಕೇಳಿದ್ದು ಎಷ್ಟು, ಸಿಕ್ಕಿದ್ದು ಎಷ್ಟು

ಮೊದಲು ಕೋಡ್ ಓದಿ, ಬರೆದುಕೊಳ್ಳಿ. ಅಳಿಸಬೇಡಿ, ಕೋಡ್ ಅಳಿಸಿದರೆ ಅದರ ಜೊತೆ ಉಳಿದಿದ್ದ ಫ್ರೀಜ್ ಫ್ರೇಮ್ (ದೋಷ ಕಂಡ ಕ್ಷಣದ ಅಂಕಿಗಳು) ಮಾಹಿತಿಯೂ ಹೋಗುತ್ತದೆ. ಪಿ0507 ಎಂದರೆ ಐಡಲ್ ನಿರೀಕ್ಷೆಗಿಂತ ಹೆಚ್ಚು ಎಂದಷ್ಟೇ. ಅದು ಲಕ್ಷಣ, ಕಾರಣವಲ್ಲ. ಪಿ0171 ಅಥವಾ ಪಿ0174 ಜೊತೆಗಿದ್ದರೆ ಮಿಶ್ರಣ ಲೀನ್ ಆಗಿದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ. ವ್ಯಾಕ್ಯೂಮ್ ಲೀಕ್ (ಥ್ರಾಟಲ್ ದಾಟಿದ ಮೇಲಿನ ಭಾಗಕ್ಕೆ ಹೊರಗಿನ ಗಾಳಿ ನುಸುಳುವುದು) ಮೇಲಿನ ಅನುಮಾನ ಬಲವಾಗುತ್ತದೆ.

ಈಗ ಲೈವ್ ಡೇಟಾದಲ್ಲಿ ಇವನ್ನು ಒಟ್ಟಿಗೆ ತೆರೆದಿಡಿ: ಗುರಿ ಐಡಲ್, ನಿಜವಾದ ಆರ್‌ಪಿಎಂ, ಐಡಲ್ ವಾಲ್ವ್‌ನ ಶೇಕಡಾವಾರು ಅಥವಾ ಸ್ಟೆಪ್, ಥ್ರಾಟಲ್ ಪೊಸಿಷನ್, ಕೂಲೆಂಟ್ ತಾಪ, ಮ್ಯಾನಿಫೋಲ್ಡ್ ಒತ್ತಡ ಅಥವಾ ಏರ್‌ಫ್ಲೋ, ಶಾರ್ಟ್ ಮತ್ತು ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಮಿಶ್ರಣ ಸರಿದೂಗಿಸಲು ಇಸಿಯು ಇಂಧನವನ್ನು ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಮಾಡುತ್ತಿದೆ ಎಂಬ ಅಂಕಿ).

ಗುರಿಯೇ 1,400 ಇದ್ದು ನಿಜವೂ 1,400 ಇದ್ದರೆ ಎಂಜಿನ್ ಹೇಳಿದ ಮಾತು ಕೇಳುತ್ತಿದೆ. ಹಂತ 3ಕ್ಕೆ ಹೋಗಿ. ಗುರಿ 800, ನಿಜ 1,500, ಐಡಲ್ ವಾಲ್ವ್ ಕನಿಷ್ಠಕ್ಕೆ ಮುಚ್ಚಿದೆ ಎಂದು ಸ್ಕ್ಯಾನರ್ ಹೇಳುತ್ತಿದ್ದರೆ ಗಾಳಿ ಕೇಳದೆ ನುಗ್ಗುತ್ತಿದೆ. ಹಂತ 3 ಬಿಟ್ಟು ಹಂತ 4ಕ್ಕೆ ಬನ್ನಿ. ಗುರಿ ಸ್ಥಿರವಾಗಿದ್ದು, ವಾಲ್ವ್ ಮತ್ತು ಆರ್‌ಪಿಎಂ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದರೆ ಲೀಕ್ ಇರಬಹುದು, ಟ್ಯೂನ್ (ಇಸಿಯುವಿನಲ್ಲಿ ಬರೆದ ಹೊಂದಾಣಿಕೆ) ಕೆಟ್ಟಿರಬಹುದು. ಲೀಕ್ ಇಲ್ಲವೆಂದು ಖಚಿತವಾಗುವವರೆಗೆ ಟ್ಯೂನ್ ಮುಟ್ಟಬೇಡಿ.

ಸ್ಕ್ಯಾನರ್ ತೋರಿಸುವ ವಾಲ್ವ್ ಸ್ಥಾನ ಇಸಿಯು ಕೊಟ್ಟ ಆಜ್ಞೆ ಮಾತ್ರ ಎಂಬುದು ನೆನಪಿರಲಿ. ವಾಲ್ವ್ ನಿಜವಾಗಿ ಮುಚ್ಚಿದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ.

## ಹಂತ 3: ಇಸಿಯುವೇ ಹೆಚ್ಚು ಕೇಳುತ್ತಿದ್ದರೆ

ಮೊದಲ ಆರೋಪಿ ಕೂಲೆಂಟ್ ತಾಪದ ಸೆನ್ಸರ್. ಎಂಜಿನ್ ಬಿಸಿಯಿದ್ದರೂ ಅದು 30 ಡಿಗ್ರಿ ಎನ್ನುತ್ತಿದ್ದರೆ ಇಸಿಯು ಪಾಪ ಐಡಲ್ ಏರಿಸುತ್ತಲೇ ಇರುತ್ತದೆ. ಸಾಮಾನ್ಯ ಬಾಷ್ ಮಾದರಿಯ ಸೆನ್ಸರ್‌ನ ಪ್ರತಿರೋಧ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 320 ಓಮ್. ಬೇರೆ ತಯಾರಕರ ಅಂಕಿ ಸ್ವಲ್ಪ ಬೇರೆ, ಆದರೆ ಬಿಸಿಯಾದಂತೆ ಓಮ್ ಕುಸಿಯಲೇಬೇಕು. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲೆಂಟ್ ತಾಪ ಮತ್ತು ಇನ್‌ಟೇಕ್ ಗಾಳಿಯ ತಾಪ ಹೆಚ್ಚುಕಡಿಮೆ ಒಂದೇ ಇರಬೇಕು. ಸ್ಕ್ಯಾನರ್ ಬಿಟ್ಟರೆ ಬೇರೆ ಯಾವ ಸಲಕರಣೆಯೂ ಬೇಡದ ಪರೀಕ್ಷೆ ಇದು.

ಸೆನ್ಸರ್ ಸರಿಯಿದ್ದು ಕೂಲೆಂಟ್ ನಿಜವಾಗಿಯೇ ಬಿಸಿಯಾಗದಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ. ಕೂಲೆಂಟ್ ಕಡಿಮೆಯಿದ್ದರೆ, ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಸೆನ್ಸರ್ ಓದು ಕುಣಿಯುತ್ತದೆ. ಎಸಿ ಸ್ವಿಚ್ ಮತ್ತು ಪವರ್ ಸ್ಟೀರಿಂಗ್ ಪ್ರೆಷರ್ ಸ್ವಿಚ್ ಆಫ್ ಇದ್ದಾಗಲೂ ಆನ್ ಎಂದು ತೋರಿಸುತ್ತಿವೆಯೇ ನೋಡಿ. ಚಲಿಸುವಾಗ ಮಾತ್ರ ಐಡಲ್ ಏರಿ, ನಿಂತ ಕೂಡಲೇ ಇಳಿಯುವುದು ಹಲವು ಇಸಿಯುಗಳಲ್ಲಿ ಉದ್ದೇಶಪೂರ್ವಕ. ನಿಂತ ಮೇಲೂ ಇಳಿಯದಿದ್ದರೆ ವೇಗದ ಸೆನ್ಸರ್ ಪರೀಕ್ಷಿಸಿ.

ಥ್ರಾಟಲ್ ಪೊಸಿಷನ್ ಸೆನ್ಸರ್‌ಗೆ 5 ವೋಲ್ಟ್ ಬರುತ್ತದೆ. ಕೇಬಲ್ ಥ್ರಾಟಲ್‌ಗಳಲ್ಲಿ ಮುಚ್ಚಿದಾಗ ಸಿಗ್ನಲ್ ಸಾಮಾನ್ಯವಾಗಿ 0.45ರಿಂದ 0.6 ವೋಲ್ಟ್, ಪೂರ್ತಿ ತೆರೆದಾಗ 4.5ರ ಆಸುಪಾಸು. ಪ್ಲೇಟ್ ನಿಧಾನವಾಗಿ ತೆರೆಯುವಾಗ ವೋಲ್ಟೇಜ್ ಎಲ್ಲೂ ಕಡಿದುಹೋಗದೆ ಏರಬೇಕು. ಮುಚ್ಚಿದ ಸ್ಥಾನದ ಓದು ಗುರುತಿಸಿದ ಮಿತಿಗಿಂತ ಮೇಲಿದ್ದರೆ ಪೆಡಲ್ ಸ್ವಲ್ಪ ಒತ್ತಿದೆ ಎಂದೇ ಇಸಿಯು ಭಾವಿಸುತ್ತದೆ, ಐಡಲ್ ನಿಯಂತ್ರಣಕ್ಕೆ ಇಳಿಯುವುದೇ ಇಲ್ಲ. ಸ್ಟಾಪ್ ಸ್ಕ್ರೂ ತಿರುಗಿಸಬಾರದು ಎನ್ನುವುದು ಇದಕ್ಕೇ.

## ಹಂತ 4: ಥ್ರಾಟಲ್ ನಿಜವಾಗಿ ಮುಚ್ಚುತ್ತಿದೆಯೇ

ಕೇಬಲ್ ಇರುವ ಕಾರಿನಲ್ಲಿ ಪೆಡಲ್ ಬಿಟ್ಟಾಗ ಕೇಬಲ್ ತುಸು ಸಡಿಲವಿರಬೇಕು. ಕ್ರೂಸ್ ಕಂಟ್ರೋಲ್‌ಗೆ ಬೇರೆ ಕೇಬಲ್ ಇದ್ದರೆ ಅದನ್ನೂ ನೋಡಿ. ಮೆತ್ತಗಾದ ಎಂಜಿನ್ ಮೌಂಟ್ ಇದ್ದರೆ ಎಂಜಿನ್ ವಾಲಿದಾಗ ಕೇಬಲ್ ಎಳೆಯಲ್ಪಡುತ್ತದೆ. ಕಾರು ನಿಂತಾಗ ಎಲ್ಲ ಸರಿಯಾಗಿ ಕಾಣುವುದರಿಂದ ಇದು ಸುಲಭವಾಗಿ ಕಣ್ತಪ್ಪುತ್ತದೆ. ಕೆಳಗೆ ಫ್ಲೋರ್ ಮ್ಯಾಟ್ ಪೆಡಲ್‌ಗೆ ತಗುಲುತ್ತಿಲ್ಲ ತಾನೆ?

ಎಂಜಿನ್ ನಿಲ್ಲಿಸಿ ಇನ್‌ಟೇಕ್ ಪೈಪ್ ಬಿಚ್ಚಿ, ಪ್ಲೇಟ್‌ನ ಅಂಚಿನಲ್ಲಿ ಕಪ್ಪು ಮಸಿಯ ಉಂಗುರ ಕಟ್ಟಿದೆಯೇ ನೋಡಿ. ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿ. ಡಬ್ಬಿಯಿಂದ ನೇರ ಸುರಿದರೆ ದ್ರಾವಕ ಶಾಫ್ಟ್ ಮೂಲಕ ಸೆನ್ಸರ್‌ಗೆ ಇಳಿಯುತ್ತದೆ. ಕೆಲವು ತಯಾರಕರು ಪ್ಲೇಟ್ ಸುತ್ತ ಸೀಲ್ ಆಗಲೆಂದೇ ಕಪ್ಪು ಲೇಪ ಕೊಟ್ಟಿರುತ್ತಾರೆ. ಅದನ್ನು ಮಸಿ ಎಂದುಕೊಂಡು ಬ್ರಷ್‌ನಿಂದ ಉಜ್ಜಿ ತೆಗೆದರೆ ಗಾಳಿ ನುಸುಳುವ ಹೊಸ ದಾರಿ ನಿಮ್ಮ ಕೈಯಾರೆ ತೆರೆದಂತೆ.

ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಇಗ್ನಿಷನ್ ಆನ್ ಇರುವಾಗ ಬೆರಳು ಹಾಕಲೇಬೇಡಿ. ಮೋಟಾರ್ ಪ್ಲೇಟನ್ನು ತಟ್ಟನೆ ಮುಚ್ಚಿಬಿಡಬಹುದು. ಕೈಯಿಂದ ಬಲವಂತವಾಗಿ ದೂಡಿದರೆ ಒಳಗಿನ ಪ್ಲಾಸ್ಟಿಕ್ ಗೇರ್ ಮುರಿಯುತ್ತದೆ. ತೊಳೆದ ಮೇಲೆ ರೀಲರ್ನ್ (ಥ್ರಾಟಲ್‌ನ ತೆರವನ್ನು ಇಸಿಯುಗೆ ಹೊಸದಾಗಿ ಕಲಿಸುವುದು) ಕಡ್ಡಾಯ: ಮಸಿ ಇದ್ದಾಗ ಕಲಿತ ಹಳೆಯ ತೆರವನ್ನೇ ಇಸಿಯು ಬಳಸುವುದರಿಂದ ಸ್ವಚ್ಛ ಥ್ರಾಟಲ್‌ನಲ್ಲಿ ಐಡಲ್ ಇನ್ನೂ ಏರುತ್ತದೆ. ತೊಳೆದ ಮೇಲೆ ಜಾಸ್ತಿಯಾಯಿತು ಎಂದು ಥ್ರಾಟಲ್ ಬಾಡಿಯನ್ನೇ ಬದಲಿಸುವವರಿಗೆ ಬೇಕಿದ್ದದ್ದು ರೀಲರ್ನ್ ಅಷ್ಟೇ.

## ಹಂತ 5: ಐಡಲ್ ವಾಲ್ವ್

ಪ್ರತ್ಯೇಕ ಐಡಲ್ ವಾಲ್ವ್ ಇರುವ ಕಾರುಗಳಲ್ಲಿ ಅದಕ್ಕೆ ಗಾಳಿ ಒಯ್ಯುವ ಹೋಸನ್ನು ಕ್ಲಾಂಪ್‌ನಿಂದ ಹಿಸುಕಿ. ಐಡಲ್ ಕುಸಿದರೆ ಹೆಚ್ಚುವರಿ ಗಾಳಿ ಆ ದಾರಿಯಲ್ಲೇ ಬರುತ್ತಿದೆ. ಏನೂ ಆಗದಿದ್ದರೆ ವಾಲ್ವ್ ನಿರಪರಾಧಿ, ಹೊಸದು ಕೊಳ್ಳಬೇಡಿ. ವಾಲ್ವ್ ನೇರ ಥ್ರಾಟಲ್ ಬಾಡಿಗೆ ಕೂತಿದ್ದರೆ ಅದರ ಒಳದಾರಿಯ ರಂಧ್ರವನ್ನು ಮುಚ್ಚಿ ನೋಡಬಹುದು.

ವಾಲ್ವ್ ತೊಳೆಯುವಾಗ ಸ್ಟೆಪರ್ ಮಾದರಿಯ ಸೂಜಿಯನ್ನು ಒತ್ತಬೇಡಿ, ಎಳೆಯಬೇಡಿ. ಒಳಗಿನ ಸ್ಕ್ರೂ ಥ್ರೆಡ್ ಹಾಳಾಗುತ್ತದೆ. ಮತ್ತೆ ಕೂರಿಸುವಾಗ ಗ್ಯಾಸ್ಕೆಟ್ ಹೊಸದಿರಲಿ.

1990ರ ದಶಕದ ಹಲವು ಜಪಾನಿ ಎಂಜಿನ್‌ಗಳಲ್ಲಿ, ಹೋಂಡಾ ಬಿ-ಸೀರೀಸ್‌ನ ಕೆಲವು ಮಾದರಿಗಳಲ್ಲಿ ಇರುವಂತೆ, ಮೇಣದಿಂದ ಕೆಲಸ ಮಾಡುವ ಫಾಸ್ಟ್ ಐಡಲ್ ಥರ್ಮೋ ವಾಲ್ವ್ ಬೇರೆಯೇ ಇರುತ್ತದೆ. ಬಿಸಿ ಕೂಲೆಂಟ್ ತಾಗಿ ಮೇಣ ಹಿಗ್ಗಿದಾಗ ಅದು ಮುಚ್ಚಬೇಕು. ಕೂಲೆಂಟ್ ಕಡಿಮೆಯಾದರೆ ಮುಚ್ಚುವುದಿಲ್ಲ, ಇಸಿಯುಗೆ ಅದರ ಸುಳಿವೂ ಸಿಗುವುದಿಲ್ಲ. ಇಂಥ ಕಾರಿನಲ್ಲಿ ಏರಿಳಿತ ಕಂಡರೆ ಮೊದಲು ರೇಡಿಯೇಟರ್ ಮುಚ್ಚಳ ತೆಗೆದು ಮಟ್ಟ ನೋಡಿ. ಎಂಜಿನ್ ತಣ್ಣಗಾದ ಮೇಲೆ, ಖಂಡಿತ.

## ಹಂತ 6: ವ್ಯಾಕ್ಯೂಮ್ ಲೀಕ್

ಇಲ್ಲಿ ಹೆಚ್ಚು ಸಮಯ ಕೊಡಿ. ಬಿಚ್ಚಿ ಜೋಡಿಸಿದ, ಮಾರ್ಪಡಿಸಿದ ಎಂಜಿನ್‌ನಲ್ಲಿ ಉತ್ತರ ಸಿಗುವುದು ಹೆಚ್ಚಾಗಿ ಈ ಹಂತದಲ್ಲೇ.

ನಿಮ್ಮ ಎಂಜಿನ್ ಗಾಳಿಯನ್ನು ಅಳೆಯುವ ವಿಧ ಮೊದಲು ತಿಳಿಯಿರಿ. ಏರ್‌ಫ್ಲೋ ಮೀಟರ್ ಇರುವ ಕಾರಿನಲ್ಲಿ ಲೀಕ್ ಆದ ಗಾಳಿ ಮೀಟರ್ ದಾಟದೆ ಒಳಬರುತ್ತದೆ, ಮಿಶ್ರಣ ಲೀನ್ ಆಗುತ್ತದೆ, ಫ್ಯೂಯಲ್ ಟ್ರಿಮ್ ಪ್ಲಸ್‌ಗೆ ಏರುತ್ತದೆ. ಐಡಲ್‌ನಲ್ಲಿ ಟ್ರಿಮ್ ಪ್ಲಸ್ 15 ಶೇಕಡಾ ಇದ್ದು 2,500 ಆರ್‌ಪಿಎಂನಲ್ಲಿ ಪ್ಲಸ್ 3ಕ್ಕೆ ಇಳಿದರೆ ಅದು ಲೀಕ್‌ನ ಸಹಿ. ಐಡಲ್‌ನಲ್ಲೂ 2,500ರಲ್ಲೂ ಒಂದೇ ಸಮ ಹೆಚ್ಚಿದ್ದರೆ ಮಸಿ ಹಿಡಿದ ಮೀಟರ್ ಅಥವಾ ಇಂಧನದ ಕೊರತೆ. ಬಿಸಿ ಎಂಜಿನ್ ಐಡಲ್‌ನಲ್ಲಿ ಒಂದು ಲೀಟರ್ ಸಾಮರ್ಥ್ಯಕ್ಕೆ ಸೆಕೆಂಡಿಗೆ ಸುಮಾರು 1 ಗ್ರಾಂ ಗಾಳಿ ಎಂಬ ಅಂದಾಜು ಕೈಗೆ ಒದಗುತ್ತದೆ.

ಮ್ಯಾನಿಫೋಲ್ಡ್ ಒತ್ತಡದಿಂದ ಅಳೆಯುವ ಕಾರಿನಲ್ಲಿ ಕಥೆ ಬೇರೆ. ಲೀಕ್ ಆದ ಗಾಳಿಯೂ ಒತ್ತಡದ ಲೆಕ್ಕಕ್ಕೆ ಸೇರುತ್ತದೆ, ಇಸಿಯು ಅದಕ್ಕೆ ತಕ್ಕ ಇಂಧನ ಕೊಡುತ್ತದೆ, ಟ್ರಿಮ್ ಸೊನ್ನೆಯ ಹತ್ತಿರವೇ ಇರುತ್ತದೆ, ಐಡಲ್ ಮಾತ್ರ ಏರುತ್ತದೆ. ಟ್ರಿಮ್ ಚೆನ್ನಾಗಿದೆ, ಆದ್ದರಿಂದ ಲೀಕ್ ಇಲ್ಲ ಎಂಬ ತೀರ್ಮಾನ ಇಂಥ ಕಾರುಗಳಲ್ಲಿ ದಾರಿ ತಪ್ಪಿಸುತ್ತದೆ.

ಮುಚ್ಚುವ ಪರೀಕ್ಷೆ. ಏರ್ ಫಿಲ್ಟರ್ ತೆಗೆದು, ಇನ್‌ಟೇಕ್‌ನ ಬಾಯಿಗೆ ರಬ್ಬರ್ ಹಾಳೆ ಅಂಟಿಸಿದ ಗಟ್ಟಿ ಹಲಗೆ ಹಿಡಿಯಿರಿ. ಏರ್‌ಫ್ಲೋ ಮೀಟರ್ ಇದ್ದರೆ ಅದಕ್ಕೂ ಮೊದಲಿನ ತುದಿಯಲ್ಲಿ. ಎಂಜಿನ್ ಒಂದೆರಡು ಸೆಕೆಂಡಿನಲ್ಲಿ ಆಫ್ ಆಗಬೇಕು. ಏದುಸಿರು ಬಿಡುತ್ತಾದರೂ ಓಡುತ್ತಲೇ ಇದ್ದರೆ ಗಾಳಿಗೆ ಬೇರೆ ದಾರಿಯಿದೆ. ಬಟ್ಟೆ ಬಳಸಬೇಡಿ, ಒಳಗೆ ಎಳೆದುಕೊಳ್ಳುತ್ತದೆ.

ಹಿಸುಕುವ ಪರೀಕ್ಷೆ. ಮ್ಯಾನಿಫೋಲ್ಡ್‌ನಿಂದ ಹೊರಡುವ ಹೋಸ್‌ಗಳನ್ನು ಒಂದೊಂದಾಗಿ ಕ್ಲಾಂಪ್ ಮಾಡುತ್ತಾ ಹೋಗಿ: ಬ್ರೇಕ್ ಬೂಸ್ಟರ್, ಪಿಸಿವಿ (ಕ್ರ್ಯಾಂಕ್‌ಕೇಸಿನ ಆವಿಯನ್ನು ಇನ್‌ಟೇಕ್‌ಗೆ ಎಳೆಯುವ ವಾಲ್ವ್), ಪೆಟ್ರೋಲ್ ಆವಿಯ ಪರ್ಜ್ ವಾಲ್ವ್, ಫ್ಯೂಯಲ್ ಪ್ರೆಷರ್ ರೆಗ್ಯುಲೇಟರ್, ಬೂಸ್ಟ್ ಗೇಜ್‌ಗೆ ಹೋಗುವ ಸಣ್ಣ ಟ್ಯೂಬ್. ಯಾವುದನ್ನು ಹಿಸುಕಿದಾಗ ಐಡಲ್ ಸರಿಯಾಗುತ್ತದೋ ಆ ದಾರಿಯಲ್ಲಿ ದೋಷವಿದೆ. ಪರ್ಜ್ ವಾಲ್ವ್ ತೆರೆದು ಸಿಕ್ಕಿಕೊಂಡಿದ್ದರೆ ಆವಿ ಬರುವುದರಿಂದ ಟ್ರಿಮ್ ಮೈನಸ್ ಕೂಡ ತೋರಿಸಬಹುದು. ರೆಗ್ಯುಲೇಟರ್‌ನ ಹೋಸ್ ಕಿತ್ತಾಗ ಒಳಗೆ ಪೆಟ್ರೋಲ್ ಹನಿ ಕಂಡರೆ ಅದರ ಡಯಾಫ್ರಮ್ ಹರಿದಿದೆ, ಕೂಡಲೇ ಬದಲಿಸಿ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ಎತ್ತಲು ಬಾರದಷ್ಟು ಬಲವಾಗಿ ಹೀರುತ್ತಿದ್ದರೆ ಅಥವಾ ಸಿಳ್ಳೆ ಕೇಳಿಸಿದರೆ ಪಿಸಿವಿ ಡಯಾಫ್ರಮ್ ನೋಡಿ.

ಹೊಗೆಯ ಪರೀಕ್ಷೆ. ಎಂಜಿನ್ ಆಫ್ ಮಾಡಿ, ಫಿಲ್ಟರ್ ಕಡೆಯ ಬಾಯಿ ಮುಚ್ಚಿ, ವ್ಯಾಕ್ಯೂಮ್ ಪೋರ್ಟ್ ಒಂದರಿಂದ 1 ಪಿಎಸ್‌ಐ ಮೀರದ ಒತ್ತಡದಲ್ಲಿ ಹೊಗೆ ತುಂಬಿಸಿ. ಎರಡು ಮೂರು ನಿಮಿಷ ಕಾಯಿರಿ. ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಥ್ರಾಟಲ್ ಶಾಫ್ಟ್‌ನ ಎರಡೂ ತುದಿ, ಇಂಜೆಕ್ಟರ್‌ನ ಕೆಳಗಿನ ಓ-ರಿಂಗ್, ಡಿಪ್‌ಸ್ಟಿಕ್ ಸುತ್ತ ಟಾರ್ಚ್ ಹಿಡಿದು ನೋಡಿ. ದೊಡ್ಡ ಇಂಜೆಕ್ಟರ್ ಹಾಕಿಸಿದ ಮೇಲೆ ಶುರುವಾದ ಐಡಲ್ ತೊಂದರೆಯಲ್ಲಿ ಹರಿದ ಅಥವಾ ಮಡಚಿ ಕೂತ ಓ-ರಿಂಗ್ ಹುಡುಕಿ.

ಸ್ಪ್ರೇ ಪರೀಕ್ಷೆ ಜನಪ್ರಿಯ, ಆದರೆ ಅಪಾಯಕಾರಿ. ಕಾರ್ಬ್ ಕ್ಲೀನರ್ ಬಿಸಿ ಹೆಡರ್ (ಎಂಜಿನ್‌ಗೆ ಕೂರುವ ಎಕ್ಸಾಸ್ಟ್ ಕೊಳವೆಗಳು) ಅಥವಾ ಟರ್ಬೋ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಿಸಿಗೆ ವಿಷಾನಿಲವಾಗುತ್ತದೆ. ಸ್ಮೋಕ್ ಮೆಷಿನ್ ಸಿಗದಿದ್ದರೆ ನೀರು ತುಂಬಿದ ಸ್ಪ್ರೇ ಬಾಟಲಿ ಬಳಸಿ. ಲೀಕ್ ಇರುವಲ್ಲಿ ನೀರು ಬಿದ್ದಾಗ ಕ್ಷಣಕಾಲ ಶಬ್ದವೂ ಆರ್‌ಪಿಎಂ ಕೂಡ ಬದಲಾಗುತ್ತದೆ. ಕಾಯಿಲ್ ಮತ್ತು ಕನೆಕ್ಟರ್‌ಗಳಿಗೆ ತಾಗಿಸಬೇಡಿ.

ವ್ಯಾಕ್ಯೂಮ್ ಗೇಜ್‌ನಲ್ಲಿ ಸಾಮಾನ್ಯ ಎಂಜಿನ್ ಪಾದರಸದ 17ರಿಂದ 21 ಇಂಚು ತೋರಿಸುತ್ತದೆ. ಸಮುದ್ರಮಟ್ಟದಿಂದ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು 1 ಇಂಚು ಕಡಿಮೆ ಎಂದು ಲೆಕ್ಕ ಹಾಕಿ. ದೊಡ್ಡ ಕ್ಯಾಮ್ ಇದ್ದರೆ ಓದು ಕಡಿಮೆಯಿರುವುದು ಸಹಜ, ಅದನ್ನೇ ಲೀಕ್ ಎನ್ನಬೇಡಿ.

## ಹಂತ 7: ಟರ್ಬೋ ಮತ್ತು ಮಲ್ಟಿ ಥ್ರಾಟಲ್ ಎಂಜಿನ್‌ಗಳು

ಟರ್ಬೋ ಕಾರಿನಲ್ಲಿ ಹೊರಗೆ ಗಾಳಿ ಬಿಡುವ ಬ್ಲೋ-ಆಫ್ ವಾಲ್ವ್ ಹಾಕಿಸಿದ್ದರೆ ಅದರ ಸ್ಪ್ರಿಂಗ್ ಐಡಲ್ ವ್ಯಾಕ್ಯೂಮ್‌ಗೆ ತೆರೆಯುತ್ತಿದೆಯೇ ನೋಡಿ. ಏರ್‌ಫ್ಲೋ ಮೀಟರ್ ಇರುವ ಕಾರಿನಲ್ಲಿ ಅಲ್ಲಿಂದ ನುಸುಳುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಪೆಡಲ್ ಬಿಟ್ಟಾಗ ಎಂಜಿನ್ ನಿಂತುಹೋಗುವುದೂ ಇದರಿಂದಲೇ. ಹೊಗೆಗೆ ಸಿಗದ ಸಣ್ಣ ಲೀಕ್‌ಗಳಿಗೆ ಟರ್ಬೋ ಬಾಯಿಯಿಂದ 10–15 ಪಿಎಸ್‌ಐ ಗಾಳಿ ಕೊಟ್ಟು ಪರೀಕ್ಷಿಸಬಹುದು. ಹಾಗೆ ಮಾಡುವ ಮೊದಲು ಪಿಸಿವಿ ದಾರಿ ಮುಚ್ಚಿ, ಇಲ್ಲದಿದ್ದರೆ ಒತ್ತಡ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲ್ ಹಾರಿಸುತ್ತದೆ.

ನಿಸ್ಸಾನ್ ಆರ್‌ಬಿ26ಡಿಇಟಿಟಿ, ಬಿಎಂಡಬ್ಲ್ಯು ಎಸ್54ರಂತೆ ಸಿಲಿಂಡರಿಗೊಂದು ಥ್ರಾಟಲ್ ಇರುವ ಎಂಜಿನ್‌ಗಳಲ್ಲಿ ಒಂದೇ ಪ್ಲೇಟ್ ಕೂದಲೆಳೆಯಷ್ಟು ತೆರೆದಿದ್ದರೂ ಐಡಲ್ ಕೆಡುತ್ತದೆ. ಸಿಂಕ್ರೋಮೀಟರ್‌ನಿಂದ ಪ್ರತಿಯೊಂದರ ಗಾಳಿಯ ಹರಿವು ಅಳೆದು ಸಮ ಮಾಡಿ. ಆದರೆ ಲೀಕ್ ಹುಡುಕಿ ಮುಗಿಸಿದ ಮೇಲೆ.

ಹೆಡರ್ ಹಾಕಿಸಿದ್ದರೆ ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಲೀಕ್ ಇದೆಯೇ ನೋಡಿ. ಹೊರಗಿನ ಗಾಳಿ ಒಳಗೆಳೆಯಲ್ಪಟ್ಟು ಸೆನ್ಸರ್ ಲೀನ್ ಎನ್ನುತ್ತದೆ, ಇಸಿಯು ಇಂಧನ ಸುರಿಯುತ್ತದೆ. ಟ್ರಿಮ್ ಪ್ಲಸ್, ಆದರೆ ಸ್ಪಾರ್ಕ್ ಪ್ಲಗ್ ಮಸಿ ಕಪ್ಪು: ಈ ಎರಡು ಒಟ್ಟಿಗೆ ಕಂಡರೆ ಇದೇ.

## ಹಂತ 8: ಟ್ಯೂನ್

ಮೇಲಿನದೆಲ್ಲ ಸರಿಯಿದ್ದರೆ ಮಾತ್ರ ಮ್ಯಾಪ್ (ಇಸಿಯು ಬಳಸುವ ಅಂಕಿಗಳ ಕೋಷ್ಟಕ) ತೆರೆಯಿರಿ. ಐಡಲ್ ಸುತ್ತಮುತ್ತಲಿನ ಇಗ್ನಿಷನ್ ಅಂಕಿಗಳನ್ನು (ಕಿಡಿ ಎಷ್ಟು ಡಿಗ್ರಿ ಮುಂಚೆ ಹಾರಬೇಕು ಎಂಬುದನ್ನು) ಮೊದಲು ನೋಡಿ. 700 ಆರ್‌ಪಿಎಂನಲ್ಲಿ 10 ಡಿಗ್ರಿ, 1,200ರಲ್ಲಿ 20 ಡಿಗ್ರಿ ಇದ್ದರೆ ವೇಗ ಏರಿದಂತೆ ಟೈಮಿಂಗ್ ಅದನ್ನು ಇನ್ನಷ್ಟು ದೂಡುತ್ತದೆ, ಬಿದ್ದಂತೆ ಇನ್ನಷ್ಟು ಬೀಳಿಸುತ್ತದೆ. ಆ ಭಾಗವನ್ನು ಸಮತಟ್ಟು ಮಾಡಿ. ಗುರಿಗಿಂತ ಕೆಳಗೆ ಕೆಲವು ಡಿಗ್ರಿ ಹೆಚ್ಚು, ಮೇಲೆ ಕೆಲವು ಡಿಗ್ರಿ ಕಡಿಮೆ ಇದ್ದರೆ ಐಡಲ್ ತಾನಾಗಿ ನೆಲೆಗೆ ಬರುತ್ತದೆ. ಐಡಲ್ ನಿಯಂತ್ರಣದ ಗೇನ್ (ಇಸಿಯು ತಿದ್ದುವ ತೀವ್ರತೆ) ಹೆಚ್ಚಿದ್ದರೂ ಏರಿಳಿತ ಬರುತ್ತದೆ. ಅದನ್ನು ಅರ್ಧಕ್ಕಿಳಿಸಿ ನೋಡಿ.

ದೊಡ್ಡ ಇಂಜೆಕ್ಟರ್‌ಗಳು ಐಡಲ್‌ನಲ್ಲಿ ತೆರೆದಿರುವುದು 1 ಮಿಲಿಸೆಕೆಂಡಿನ ಆಸುಪಾಸು. ಡೆಡ್ ಟೈಮ್ (ಇಂಜೆಕ್ಟರ್ ತೆರೆಯಲು ತಗಲುವ ವಿಳಂಬ) ಅಂಕಿ ತಪ್ಪಿದ್ದರೆ ಫ್ಯಾನ್ ಆನ್ ಆಗಿ ವೋಲ್ಟೇಜ್ ಇಳಿದ ಕೂಡಲೇ ಮಿಶ್ರಣ ಹದ ತಪ್ಪುತ್ತದೆ. ಫ್ಯಾನ್ ತಿರುಗಿದಾಗ ಮಾತ್ರ ಐಡಲ್ ಕುಣಿಯುತ್ತಿದ್ದರೆ ಅದನ್ನೂ ಎಂಜಿನ್ ಅರ್ತಿಂಗನ್ನೂ ಪರೀಕ್ಷಿಸಿ: ಎಂಜಿನ್ ಓಡುವಾಗ ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಬ್ಲಾಕ್‌ಗೆ ವೋಲ್ಟೇಜ್ ಇಳಿತ 0.1 ವೋಲ್ಟ್ ಮೀರಬಾರದು.

## ಹಂತ 9: ಬೇಸ್ ಐಡಲ್, ರೀಲರ್ನ್, ಕೊನೆಯ ಪರೀಕ್ಷೆ

ದೋಷ ಸರಿಪಡಿಸಿದ ಮೇಲಷ್ಟೇ ಬೇಸ್ ಐಡಲ್ (ಇಸಿಯು ತಿದ್ದದಿರುವಾಗಿನ ಮೂಲ ಐಡಲ್) ಹೊಂದಿಸಿ, ಅದೂ ಮ್ಯಾನ್ಯುಯಲ್ ಹೇಳುವ ಕ್ರಮದಲ್ಲಿ. ಉದಾಹರಣೆಗೆ ಮೊದಲ ಪೀಳಿಗೆಯ ಮಾಜ್ಡಾ ಎಂಎಕ್ಸ್-5ರಲ್ಲಿ ಡಯಾಗ್ನೋಸಿಸ್ ಬಾಕ್ಸ್‌ನ ಟಿಇಎನ್ ಮತ್ತು ಜಿಎನ್‌ಡಿ ಪಿನ್‌ಗಳನ್ನು ತಂತಿಯಿಂದ ಜೋಡಿಸಿ, ಗಾಳಿಯ ಸ್ಕ್ರೂನಿಂದ 850 ಆರ್‌ಪಿಎಂಗೆ, 50ರಷ್ಟು ಆಚೀಚೆ, ತರಬೇಕು. ತಂತಿ ಹಾಕದೆ ತಿರುಗಿಸಿದರೆ ಐಡಲ್ ವಾಲ್ವ್ ನಿಮ್ಮ ವಿರುದ್ಧ ಕೆಲಸ ಮಾಡಿ ಪ್ರತಿ ತಿರುವನ್ನೂ ಸರಿದೂಗಿಸುತ್ತದೆ. ಗಾಳಿಯ ಸ್ಕ್ರೂ ಬೇರೆ, ಥ್ರಾಟಲ್ ಸ್ಟಾಪ್ ಸ್ಕ್ರೂ ಬೇರೆ. ಬಣ್ಣ ಬಳಿದು ಸೀಲ್ ಮಾಡಿದ್ದನ್ನು ಮುಟ್ಟಬೇಡಿ.

ಆಮೇಲೆ ಕೋಡ್ ಮತ್ತು ಹಳೆಯ ಟ್ರಿಮ್ ಅಳಿಸಿ, ರೀಲರ್ನ್ ಮಾಡಿ. ಬಿಸಿ ಎಂಜಿನ್ನನ್ನು 3,000 ಆರ್‌ಪಿಎಂಗೆ ಏರಿಸಿ ಬಿಟ್ಟಾಗ ಮೂರ್ನಾಲ್ಕು ಸೆಕೆಂಡಿನಲ್ಲಿ ಗುರಿಗೆ ಬಂದು ನಿಲ್ಲಬೇಕು, ಕೆಳಗೆ ಮುಗ್ಗರಿಸಬಾರದು. ಹೆಡ್‌ಲೈಟ್, ಎಸಿ, ಫ್ಯಾನ್ ಒಂದೊಂದಾಗಿ ಹಾಕಿ; ಪ್ರತಿ ಸಲ ತುಸು ತಗ್ಗಿ ಮತ್ತೆ ಸರಿಯಾಗಬೇಕು. ಐಡಲ್‌ನಲ್ಲೂ 2,500ರಲ್ಲೂ ಟ್ರಿಮ್ ಪ್ಲಸ್ ಅಥವಾ ಮೈನಸ್ 5ರೊಳಗಿದ್ದರೆ ಚೆನ್ನ, 10ರವರೆಗೆ ಒಪ್ಪಬಹುದು. ಕೊನೆಗೆ ಚೆನ್ನಾಗಿ ಓಡಿಸಿ, ಆಫ್ ಮಾಡಿ 15 ನಿಮಿಷ ಬಿಟ್ಟು, ಎಂಜಿನ್ ಬೇಯ ಬಿಸಿ ಏರಿರುವಾಗ ಮತ್ತೆ ಸ್ಟಾರ್ಟ್ ಮಾಡಿ. ಬಿಸಿಗೆ ಮಾತ್ರ ಬಾಯಿ ಬಿಡುವ ಗ್ಯಾಸ್ಕೆಟ್ ಸಿಕ್ಕಿಬೀಳುವುದು ಈ ಹೊತ್ತಿನಲ್ಲಿ. ಆಗ ಐಡಲ್ ಮತ್ತೆ ಏರಿದರೆ ಹೊಗೆಯ ಪರೀಕ್ಷೆಯನ್ನು ಈ ಬಾರಿ ಬಿಸಿ ಎಂಜಿನ್ ಮೇಲೆಯೇ ಮಾಡಿ.